ಹಳೆಯ ಓಮ್ನಿಗೆ ಚಾರ್ಜ್ ನಿಲ್ತಿಲ್ಲ: ಬ್ಯಾಟರಿಯೋ, ಆಲ್ಟರ್ನೇಟರೋ, ವೈರೋ? ದುಡ್ಡು ಮೊದಲು ಎಲ್ಲಿ ಹಾಕಬೇಕು

ಹಳೆಯ ವ್ಯಾನ್ ಇಟ್ಟುಕೊಂಡವರು ಬ್ಯಾಟರಿಗೆ ಸುರಿಯುವ ದುಡ್ಡಿನಲ್ಲಿ ದೊಡ್ಡ ಪಾಲು ಉಳಿಸಬಹುದು. ಸೆಲ್ಫ್ ಎಳೆಯಲಿಲ್ಲ ಅಂದ ಕೂಡಲೇ "ಬ್ಯಾಟರಿ ಹೋಗಿದೆ ಅಣ್ಣ, ಹೊಸದು ಹಾಕ್ಸಿಬಿಡಿ" ಅನ್ನುವ ಮಾತು ಬರುತ್ತದೆ. ಹೊಸದು ಹಾಕಿಸುತ್ತೀರಿ. ಸ್ವಲ್ಪ ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಮತ್ತೆ ಅದೇ ಕಥೆ. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡದೇ ಇರಬಹುದು, ನಡುವಿನ ವೈರ್ ತುಕ್ಕು ಹಿಡಿದಿರಬಹುದು, ಗಾಡಿ ನಿಂತಾಗ ಯಾವುದೋ ಒಂದು ಸುಮ್ನೆ ಕರೆಂಟ್ ಎಳೆಯುತ್ತಿರಬಹುದು. ಇವು ಇದ್ದಲ್ಲಿ ಎಷ್ಟು ಒಳ್ಳೆಯ ಬ್ಯಾಟರಿ ತಂದರೂ ಅಷ್ಟೇ.

ಇಲ್ಲಿ ಉದಾಹರಣೆಗೆ ಮಾರುತಿ ಓಮ್ನಿಯನ್ನೇ ತೆಗೆದುಕೊಂಡಿದ್ದೇನೆ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂತು, 2019ರಲ್ಲಿ ತಯಾರಿಕೆ ನಿಂತಿತು. ಆದರೆ ನಮ್ಮ ಊರುಗಳಲ್ಲಿ ಇನ್ನೂ ತರಕಾರಿ, ಹಾಲಿನ ಕ್ಯಾನು, ಅಡುಗೆಯವರ ಪಾತ್ರೆ, ಜಾತ್ರೆಯ ಮೈಕ್ ಸೆಟ್ಟು ಎಲ್ಲ ಹೊರುತ್ತಿದೆ. ಸೀಟಿನ ಕೆಳಗೆ ಮೂರು ಸಿಲಿಂಡರಿನ 796 ಸಿಸಿ ಎಂಜಿನ್, 12 ವೋಲ್ಟಿನ ಸುಮಾರು 35 ಎಎಚ್ (ಆಂಪಿಯರ್-ಅವರ್, ಎಷ್ಟು ಕರೆಂಟ್ ಎಷ್ಟು ಗಂಟೆ ಕೊಡಬಲ್ಲದು ಅನ್ನುವ ಅಳತೆ) ಬ್ಯಾಟರಿ. ವೈರಿಂಗ್ ಸರಳ. ನಿಮ್ಮದು ಬೇರೆ ಹಳೆಯ ಪೆಟ್ರೋಲ್ ವ್ಯಾನ್ ಆಗಿದ್ದರೂ ಮುಂದಿನ ಲೆಕ್ಕ ಬಹುತೇಕ ಹಾಗೇ ಹೊಂದುತ್ತದೆ. ಮ್ಯಾಟಡಾರ್, ಟ್ರಾವೆಲರ್ ತರಹದ ಡೀಸೆಲ್ ಗಾಡಿಗಳಿಗೆ ಬ್ಯಾಟರಿ ದೊಡ್ಡದು ಬೇಕು. ಪರೀಕ್ಷೆ ಮಾಡುವ ಕ್ರಮ ಮಾತ್ರ ಒಂದೇ.

ಖರ್ಚಿಗೆ ಮೊದಲು ಒಂದು ಮೀಟರ್

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ತಂದಿಟ್ಟುಕೊಳ್ಳಿ. ಬ್ಯಾಟರಿಯ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಇಡೀ ನಿರ್ಧಾರ ಮೂರು ಅಳತೆಗಳ ಮೇಲೆ ನಿಂತಿದೆ.

ರಾತ್ರಿ ಪೂರ್ತಿ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಕೀ ಮುಟ್ಟುವ ಮೊದಲೇ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಹೋಗಿದ್ದರೆ ಖಾಲಿ ಅಂತಲೇ ಇಟ್ಟುಕೊಳ್ಳಿ. 12 ವೋಲ್ಟಿನ ಬ್ಯಾಟರಿಯಲ್ಲಿ 12 ವೋಲ್ಟ್ ಇದೆಯಲ್ಲ, ಮತ್ತೇನು ತೊಂದರೆ ಅಂತ ಅನೇಕರು ಕೇಳುತ್ತಾರೆ. ಒಳಗೆ ಆರು ಸೆಲ್ ಇವೆ, ಒಂದೊಂದೂ ತುಂಬಿದಾಗ 2.1 ವೋಲ್ಟ್ ಕೊಡಬೇಕು. ಹಾಗಾಗಿ 12.6 ಬರಲೇಬೇಕು.

ಎರಡನೆಯದು, ಸೆಲ್ಫ್ ಹೊಡೆಯುವಾಗಿನ ಅಳತೆ. ಇನ್ನೊಬ್ಬರು ಕೀ ತಿರುಗಿಸಲಿ, ನೀವು ಮೀಟರ್ ನೋಡಿ. ತುಂಬಿದ ಬ್ಯಾಟರಿ 9.6ಕ್ಕಿಂತ ಕೆಳಗೆ ಬೀಳಬಾರದು. 8ಕ್ಕೋ 7ಕ್ಕೋ ಕುಸಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ಸೆಲ್ಫ್ ಮೋಟರೇ ಹಿಡಿದುಕೊಂಡು ಜಾಸ್ತಿ ಕರೆಂಟ್ ಎಳೆಯುತ್ತಿದ್ದರೂ ಹೀಗಾಗುತ್ತದೆ. ಅದನ್ನೂ ತಲೆಯಲ್ಲಿಟ್ಟುಕೊಳ್ಳಿ. ಇದಕ್ಕೆ ಉಲ್ಟಾ ಆಗಬಹುದು: ವೋಲ್ಟೇಜ್ 11.5ರಲ್ಲೇ ನಿಂತಿದೆ, ಆದರೂ ಸೆಲ್ಫ್ ನಿಧಾನವಾಗಿ ತಿರುಗುತ್ತದೆ ಅಥವಾ ಬರೀ ಟಿಕ್ ಅನ್ನುತ್ತದೆ. ಆಗ ಬ್ಯಾಟರಿ ಕೊಡಲು ಸಿದ್ಧವಿದೆ, ಕರೆಂಟ್ ದಾರಿಯಲ್ಲಿ ಎಲ್ಲೋ ತಡೆಯುತ್ತಿದೆ. ಹೊಸ ಬ್ಯಾಟರಿ ಹಾಕಿದರೂ ಅದು ಟಿಕ್ ಅನ್ನುತ್ತಲೇ ಇರುತ್ತದೆ.

ಮೂರನೆಯದು, ಎಂಜಿನ್ ಓಡುವಾಗ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಅಳೆದರೆ 13.8ರಿಂದ 14.5ರ ನಡುವೆ ಬರಬೇಕು. ಹೆಡ್‌ಲೈಟ್, ವೈಪರ್ ಹಾಕಿದರೂ 13.5ಕ್ಕಿಂತ ತುಂಬಾ ಇಳಿಯಬಾರದು. 12.5ರಲ್ಲೇ ಇದ್ದರೆ ಚಾರ್ಜ್ ಆಗುತ್ತಲೇ ಇಲ್ಲ. 15 ಮುಟ್ಟಿದರೆ ಜಾಸ್ತಿ ಚಾರ್ಜ್ ಆಗುತ್ತಿದೆ. ಕೊಳೆತ ಮೊಟ್ಟೆಯ ವಾಸನೆ, ಮತ್ತೆ ಮತ್ತೆ ಬತ್ತುವ ನೀರು, ಉಬ್ಬಿದ ಬ್ಯಾಟರಿ ಡಬ್ಬ ಇದರ ಗುರುತು. ಹೀಗೆ ಹಾಳಾದ ಬ್ಯಾಟರಿಯ ಜಾಗಕ್ಕೆ ಹೊಸದು ತಂದು ಹಾಕಿದರೆ ಅದನ್ನೂ ಬೇಯಿಸಿದ ಹಾಗೇ. ಮೊದಲು ಕಟ್‌ಔಟ್, ಅಂದರೆ ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್, ಸರಿಮಾಡಿಸಿ.

ಒಂದು ಪದ್ಧತಿಯನ್ನು ದಯವಿಟ್ಟು ಮಾಡಲು ಬಿಡಬೇಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರ್ ಕಿತ್ತು, "ನೋಡಿ ಸಾರ್, ಎಂಜಿನ್ ನಿಲ್ಲಲಿಲ್ಲ, ಡೈನಮೋ ಚೆನ್ನಾಗಿದೆ" ಅಂತ ತೋರಿಸುವುದು. ನಿಜವಾದ ಡೈನಮೋ ಇದ್ದ ಕಾಲದಿಂದ ಬಂದ ಅಭ್ಯಾಸ ಇದು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹೀಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಏರಿ ಡಯೋಡ್, ರೆಗ್ಯುಲೇಟರ್ ಸುಟ್ಟುಹೋಗಬಹುದು. ಎಂಪಿಎಫ್‌ಐ ಓಮ್ನಿಯಲ್ಲಿ (ಕಾರ್ಬ್ಯುರೇಟರ್ ಬದಲು ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರುವುದು) ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಎಂಗೂ ಅಪಾಯ.

ಅಗ್ಗದ ದಾರಿ: ಅರ್ತ್ ಮತ್ತು ಟರ್ಮಿನಲ್

ಎಲ್ಲ ಆಯ್ಕೆಗಳಲ್ಲಿ ನಾನು ಮೊದಲು ನಿಲ್ಲಿಸುವುದು ಇದನ್ನೇ. ಖರ್ಚು ಕಡಿಮೆ, ಫಲ ಜಾಸ್ತಿ. ಆದರೂ ಯಾರೂ ಮೊದಲು ನೋಡುವುದಿಲ್ಲ.

ಹಳೆಯ ವ್ಯಾನಿನಲ್ಲಿ ಕರೆಂಟ್ ಬ್ಯಾಟರಿಯ ಪ್ಲಸ್‌ನಿಂದ ಹೊರಟು, ಕೆಲಸ ಮುಗಿಸಿ, ಬಾಡಿಯ ತಗಡಿನ ಮೂಲಕ ಮೈನಸ್‌ಗೆ ವಾಪಸ್ ಬರುತ್ತದೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದ್ದರಿಂದ ಎಂಜಿನ್ ಅಥವಾ ಗೇರ್‌ಬಾಕ್ಸ್‌ನಿಂದ ಬಾಡಿಗೆ ಒಂದು ದಪ್ಪ ಅರ್ತ್ ಪಟ್ಟಿ ಇರುತ್ತದೆ. ಕೆಸರು, ಮಳೆ ನೀರು ಬಡಿಯುವ ಜಾಗದಲ್ಲಿ ಅದರ ಬೋಲ್ಟ್ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದ ಕಡೆ ಉಪ್ಪು ಗಾಳಿಗೆ ಇನ್ನೂ ಬೇಗ.

ನಮ್ಮ ಬಡಾವಣೆಗೆ ತರಕಾರಿ ತರುವ ಒಂದು ವ್ಯಾನಿಗೆ ಹೀಗೇ ಆಗಿತ್ತು. ಹೊಸ ಬ್ಯಾಟರಿ ಬಂತು, ಸೆಲ್ಫ್ ಬಿಚ್ಚಿಸಿದ್ದಾಯಿತು, ತಳ್ಳುವುದು ತಪ್ಪಲಿಲ್ಲ. ಕೊನೆಗೆ ಗುಟ್ಟು ಹೇಳಿದ್ದು ಆಕ್ಸಿಲರೇಟರ್ ಕೇಬಲ್. ಸೆಲ್ಫ್ ಹೊಡೆದಾಗಲೆಲ್ಲ ಅದು ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. ಅರ್ತ್ ಪಟ್ಟಿ ಕಿತ್ತುಹೋಗಿ, ಸೆಲ್ಫಿನ ಕರೆಂಟೆಲ್ಲ ಆ ಸಣ್ಣ ಕೇಬಲಿನ ಮೂಲಕ ವಾಪಸಾಗುತ್ತಿತ್ತು! ಕ್ಲಚ್, ಚೋಕ್ ಅಥವಾ ಆಕ್ಸಿಲರೇಟರ್ ಕೇಬಲ್ ಬಿಸಿಯಾದರೆ ಬೇರೆ ಯಾವ ಪರೀಕ್ಷೆಯೂ ಬೇಡ, ನೇರ ಅರ್ತ್ ನೋಡಿ.

ಮೀಟರಿನಲ್ಲೂ ಇದು ಸಿಗುತ್ತದೆ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೊಳೆಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಕೆಟ್ಟಿದೆ. ಹಾಗೆಯೇ ಎಂಜಿನ್ ಓಡುವಾಗ ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೂ ಬ್ಯಾಟರಿ ಪ್ಲಸ್‌ಗೂ ನಡುವೆ ಅಳೆಯಿರಿ. ಅಲ್ಲೂ ಅರ್ಧ ವೋಲ್ಟ್ ದಾಟಿದರೆ, ಆಲ್ಟರ್ನೇಟರ್ ಕೊಟ್ಟದ್ದು ಬ್ಯಾಟರಿಗೆ ಪೂರ್ತಿ ತಲುಪುತ್ತಿಲ್ಲ.

ಇನ್ನು ಟರ್ಮಿನಲ್. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಮುಚ್ಚಳದೊಳಗೆ ಆ ನೀರು ಇಳಿಯದಂತೆ ನೋಡಿಕೊಳ್ಳಿ. ಮೊಳೆಯನ್ನು ಮರಳು ಕಾಗದದಿಂದ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಟರ್ಮಿನಲ್ ಸಡಿಲ ಅಂತ ನಡುವೆ ಮೊಳೆ, ತಂತಿ ತುರುಕುವುದು ಬೇಡ. ಹೊಸ ಕ್ಲಾಂಪ್ ಹಾಕಿಸಿ.

ಆಲ್ಟರ್ನೇಟರ್: ರಿಪೇರಿಯೋ, ಬದಲಿಯೋ

ವೈರ್ ಚೆನ್ನಾಗಿದೆ, ಆದರೂ ಎಂಜಿನ್ ಓಡುವಾಗ 13 ವೋಲ್ಟ್ ದಾಟುತ್ತಿಲ್ಲ. ಬಿಚ್ಚಿಸುವ ಮೊದಲು ಎರಡು ಸಣ್ಣ ವಿಷಯ ನೋಡಿ. ಬೆಲ್ಟಿನ ಉದ್ದದ ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿಲಿಮೀಟರ್ ಬಗ್ಗಬೇಕು. ಜಾಸ್ತಿ ಬಗ್ಗಿದರೆ ಜಾರುತ್ತಿದೆ. ಮಳೆಯಲ್ಲಿ ಹೆಡ್‌ಲೈಟ್ ಹಾಕಿದಾಗ ಕಿರ್‍ರ್ ಅನ್ನುವ ಸದ್ದು ಅದರದ್ದೇ. ಎರಡನೆಯದು ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ. ಕೀ ಆನ್ ಮಾಡಿದಾಗ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ಹಾಕಿದಾಗಲೂ ಹತ್ತುವುದೇ ಇಲ್ಲ ಅಂದರೆ ಬಲ್ಬ್ ಹೋಗಿರಬಹುದು. ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರ್ ಎಬ್ಬಿಸುವ ಮೊದಲ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುತ್ತದೆ. ಒಂದು ಬಲ್ಬಿನಿಂದ ಚಾರ್ಜಿಂಗೇ ನಿಂತದ್ದುಂಟು.

ಇವೆರಡೂ ಸರಿ ಇದ್ದರೆ ಒಳಗಿನದು. ಇಲ್ಲಿ ನನ್ನ ಮತ ಸ್ಪಷ್ಟ: ಮೊದಲ ಸಲ ಕೈಕೊಟ್ಟಿದ್ದರೆ ರಿಪೇರಿ ಮಾಡಿಸಿ. ಹಳೆಯ ಆಲ್ಟರ್ನೇಟರಿನಲ್ಲಿ ಸವೆಯುವುದು ಹೆಚ್ಚಾಗಿ ಕಾರ್ಬನ್ ಬ್ರಷ್ ಮತ್ತು ಬೇರಿಂಗ್. ಎರಡೂ ಅಗ್ಗ. ರೆಗ್ಯುಲೇಟರ್, ಡಯೋಡ್ ಪ್ಲೇಟ್ ಕೂಡ ಬಿಡಿಯಾಗಿ ಸಿಗುತ್ತವೆ. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಬಿಚ್ಚಿ, ಸ್ಲಿಪ್ ರಿಂಗ್ ಉಜ್ಜಿ, ಬೆಂಚಿನ ಮೇಲೆ ತಿರುಗಿಸಿ ತೋರಿಸುತ್ತಾರೆ. ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಮೂಲ ಕಂಪನಿಯ ಆಲ್ಟರ್ನೇಟರಿನ ಹೊರಕವಚ, ರೋಟರ್ ಗಟ್ಟಿ ಇರುತ್ತದೆ. ಅದನ್ನು ಎಸೆದು ಹೆಸರಿಲ್ಲದ ಅಗ್ಗದ ಹೊಸದು ಹಾಕಿಸುವುದಕ್ಕಿಂತ ಇದು ಮೇಲು.

ವೈಂಡಿಂಗ್ ಸುಟ್ಟು ಕಪ್ಪಾಗಿದ್ದರೆ ಮಾತು ಬೇರೆ. ಮರುವೈಂಡಿಂಗ್ ಮಾಡುವ ಅಂಗಡಿಗಳಿವೆ. ತಾಮ್ರದ ದಪ್ಪ, ಸುತ್ತಿನ ಲೆಕ್ಕ, ವಾರ್ನಿಷ್ ಒಣಗಿಸಿದ ರೀತಿ ಎಲ್ಲ ಸರಿ ಇದ್ದರೆ ಮಾತ್ರ ಬಾಳುತ್ತದೆ, ಅದು ಹೊರಗಿನಿಂದ ನಮಗೆ ಕಾಣುವುದಿಲ್ಲ. ಆಗ ವಾರಂಟಿ ಬಿಲ್ ಕೊಡುವ ರೀಕಂಡಿಷನ್ ಆಲ್ಟರ್ನೇಟರ್, ಇಲ್ಲವೇ ಹೊಸದು ತರುವುದೇ ಸರಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಶಿವಾಜಿನಗರದ ಗುಜರಿ ಇದೆ. ಗುಜರಿಯಿಂದ ತರುವುದಾದರೆ ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡು, ಮೌಂಟಿಂಗ್ ತೂತು, ಹಿಂದಿನ ಕನೆಕ್ಟರ್ ಹಳೆಯದಕ್ಕೆ ಹೊಂದುತ್ತದೆಯಾ ನೋಡಿ. ಕೈಯಲ್ಲಿ ತಿರುಗಿಸಿದರೆ ಗರಗರ ಅನ್ನಬಾರದು. ಬೆಂಚ್ ಟೆಸ್ಟ್ ಮಾಡದೆ ದುಡ್ಡು ಕೊಡಬೇಡಿ. ದಿನಾ ದುಡಿಯುವ ಗಾಡಿಗೆ ನಾನು ಗುಜರಿ ಮಾಲು ಹೇಳುವುದಿಲ್ಲ.

ಬ್ಯಾಟರಿ: ಚಾರ್ಜ್ ಮಾಡಿಸುವುದೋ, ಹೊಸದೋ

ಲೈಟ್ ಆಫ್ ಮಾಡಲು ಮರೆತು ಒಂದು ರಾತ್ರಿಯಲ್ಲಿ ಖಾಲಿಯಾದ ಎರಡು ವರ್ಷದೊಳಗಿನ ಬ್ಯಾಟರಿಯನ್ನು ಬಿಸಾಡಬೇಡಿ. ಸ್ಲೋ ಚಾರ್ಜಿಗೆ ಕೊಡಿ. 35 ಎಎಚ್ ಬ್ಯಾಟರಿಗೆ 3.5 ಆಂಪಿಯರ್ ಹತ್ತಿರದ ಕರೆಂಟಿನಲ್ಲಿ 10-12 ಗಂಟೆ ಬೇಕು. "ಅರ್ಧ ಗಂಟೇಲಿ ಮಾಡಿಕೊಡ್ತೀನಿ" ಅಂದರೆ ಬೇಡ ಅನ್ನಿ, ಅದು ಪ್ಲೇಟನ್ನು ಬಿಸಿ ಮಾಡುತ್ತದೆ. ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ತಳ್ಳಿ ಸ್ಟಾರ್ಟ್ ಮಾಡಿ ಗಾಡಿ ಓಡಿಸಿಯೇ ತುಂಬಿಸುತ್ತೇನೆ ಅನ್ನುವುದೂ ಒಳ್ಳೆಯದಲ್ಲ. ಹಳೆಯ ಆಲ್ಟರ್ನೇಟರಿಗೆ ಅಷ್ಟು ಹೊತ್ತು ಪೂರ್ತಿ ಭಾರ ಬಿದ್ದರೆ ಡಯೋಡ್ ಬಿಸಿಯಾಗುತ್ತದೆ.

ವಾರಗಟ್ಟಲೆ ಖಾಲಿಯಾಗಿಯೇ ಬಿದ್ದಿದ್ದರೆ ಉಳಿಯುವ ಸಾಧ್ಯತೆ ಕಡಿಮೆ. ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿರುತ್ತದೆ. ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ, ಒಳಗಿನ ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ನಿಖರವಾಗಿ ಗೊತ್ತಾಗುತ್ತದೆ. ಚಾರ್ಜ್ ಆದ ಮೇಲೆ ಆರೂ ಸೆಲ್ 1.240ರಿಂದ 1.280ರ ಒಳಗೆ, ಹೆಚ್ಚುಕಮ್ಮಿ ಒಂದೇ ಸಮ ಇರಬೇಕು. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.050 ಕೆಳಗಿದ್ದರೆ ಆ ಸೆಲ್ ಮುಗಿದಿದೆ, ಬ್ಯಾಟರಿಯೂ ಮುಗಿದಂತೆ. ಆ್ಯಸಿಡ್ ಸುರಿದು ರೀಡಿಂಗ್ ಏರಿಸುವುದು ಮೋಸ. ಹಾಕಬೇಕಾದ್ದು ಬರೀ ಡಿಸ್ಟಿಲ್ಡ್ ನೀರು. ನಲ್ಲಿ ನೀರೂ ಬೇಡ, ಆರ್‌ಒ ನೀರೂ ಬೇಡ.

ಹೊಸದು ತರಲೇಬೇಕು ಅಂದಾಗ ಮುಖ್ಯ ಆಯ್ಕೆ ಎರಡು: ಮುಚ್ಚಳ ಬಿಚ್ಚಿ ನೀರು ಹಾಕುವ ಬ್ಯಾಟರಿ, ಮತ್ತು ಸೀಲ್ ಆದ ಮೇಂಟೆನೆನ್ಸ್ ಫ್ರೀ. ಅಂಗಡಿಯವರು ಎರಡನೆಯದನ್ನೇ ಮುಂದಿಡುತ್ತಾರೆ. ಅದು ನೀರು ಕಡಿಮೆ ಕಳೆಯುತ್ತದೆ, ಸುಮ್ನೆ ನಿಂತಾಗ ತಾನಾಗಿ ಇಳಿಯುವುದೂ ಕಡಿಮೆ. ಆದರೆ ನಿಮ್ಮ ರೆಗ್ಯುಲೇಟರ್ ಹಳೆಯದಾಗಿ ಸ್ವಲ್ಪ ಜಾಸ್ತಿ ಚಾರ್ಜ್ ಮಾಡುತ್ತಿದ್ದರೆ, ಕಳೆದ ನೀರನ್ನು ತುಂಬಲು ಅಲ್ಲಿ ದಾರಿಯೇ ಇಲ್ಲ. ಸೆಲ್ ಒಂದೊಂದಾಗಿ ಪರೀಕ್ಷಿಸಲೂ ಆಗುವುದಿಲ್ಲ. ದಿನಾ ಓಡುವ, ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡುವ ಮಾಲೀಕನಿರುವ ಹಳೆಯ ವ್ಯಾನಿಗೆ ನಾನು ನೀರು ಹಾಕುವ ಬ್ಯಾಟರಿಯನ್ನೇ ಹೇಳುತ್ತೇನೆ. ಅದರಲ್ಲೂ ರಾಯಚೂರು, ಕಲಬುರಗಿ, ಬಳ್ಳಾರಿಯ ಬಿಸಿಲಿನಲ್ಲಿ. ಬಿಸಿಲು ಬ್ಯಾಟರಿಯ ದೊಡ್ಡ ಶತ್ರು. 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕಸುಬಿನವರ ಹಳೆಯ ಲೆಕ್ಕ. ವಾರಕ್ಕೊಮ್ಮೆ ಓಡುವ, ಯಾರೂ ಬಾನೆಟ್ಟೋ ಸೀಟೋ ಎತ್ತಿ ನೋಡದ ಗಾಡಿಗೆ ಸೀಲ್ ಬ್ಯಾಟರಿ ಸರಿ.

ಎಜಿಎಂ, ಲಿಥಿಯಂ ಅಂತ ದುಬಾರಿಯವಕ್ಕೆ ಹೋಗಬೇಡಿ. ಈ ಗಾಡಿಯ ಚಾರ್ಜಿಂಗ್ ಅವಕ್ಕೆ ತಕ್ಕುದಲ್ಲ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯೂ ಬೇಡ. ಅದು ನಿಧಾನವಾಗಿ ಬಹಳ ಹೊತ್ತು ಕೊಡಲು ಮಾಡಿದ್ದು, ಸೆಲ್ಫಿಗೆ ಬೇಕಾದ ಒಂದೇ ಏಟಿನ ಕರೆಂಟ್ ಕೊಡಲು ಅಲ್ಲ. ಮೈಕ್ ಸೆಟ್ ಕಟ್ಟುವವರು ಇದನ್ನು ಉಲ್ಟಾ ಮಾಡುತ್ತಾರೆ. ಗಾಡಿಯ ಬ್ಯಾಟರಿಯಿಂದಲೇ ಇಡೀ ದಿನ ಆಂಪ್ಲಿಫೈಯರ್ ಓಡಿಸುತ್ತಾರೆ. ಹೀಗೆ ಪದೇ ಪದೇ ತಳ ಮುಟ್ಟಿದರೆ ಯಾವ ಕಂಪನಿಯ ಬ್ಯಾಟರಿಯೂ ಬಾಳುವುದಿಲ್ಲ. ಆ ಕೆಲಸಕ್ಕೆ ಬೇರೆ ಬ್ಯಾಟರಿ ಇಡಿ.

ದೊಡ್ಡ ಬ್ಯಾಟರಿ ಹಾಕಿಸಿದರೆ? ಟ್ರೇಯಲ್ಲಿ ಕೂತರೆ, ಕ್ಲಾಂಪ್ ಹಿಡಿದರೆ, ಮೊಳೆ ಮೇಲಿನ ತಗಡಿಗೆ ತಾಗದಿದ್ದರೆ ಹಾಕಬಹುದು. ಆದರೆ ಚಾರ್ಜ್ ಆಗದ ಗಾಡಿಗೆ ಅದು ಔಷಧಿಯಲ್ಲ, ಕೈಕೊಡುವ ದಿನ ಸ್ವಲ್ಪ ಮುಂದೆ ಹೋಗುತ್ತದೆ ಅಷ್ಟೇ. ಟರ್ಮಿನಲ್ ಎಡಕ್ಕೋ ಬಲಕ್ಕೋ ಅನ್ನುವುದನ್ನು ಮಾತ್ರ ಹಳೆಯದರ ಪಕ್ಕ ಇಟ್ಟು ನೋಡಿಯೇ ಕೊಳ್ಳಿ.

ವಾರಂಟಿಯಲ್ಲಿ 24+24 ಅಂತ ಬರೆದಿದ್ದರೆ ಮೊದಲ 24 ತಿಂಗಳು ಕೆಟ್ಟರೆ ಬದಲಿ, ಮುಂದಿನ 24ರಲ್ಲಿ ಹೊಸದರ ಮೇಲೆ ರಿಯಾಯಿತಿ. ಮೊದಲ ಅಂಕಿಗೆ ಬೆಲೆ ಕೊಡಿ. 15 ವರ್ಷ ದಾಟಿ, ಮುಂದಿನ ಎಫ್‌ಸಿಗೆ ಹೋಗುವುದೋ ಬೇಡವೋ ಅಂತಿರುವ ಗಾಡಿಗೆ ಉದ್ದ ವಾರಂಟಿಗಾಗಿ ಜಾಸ್ತಿ ಕೊಡುವುದು ವ್ಯರ್ಥ. ಬಾಡಿಗೆಗೆ ಓಡಿಸುವವರು ವಾಣಿಜ್ಯ ಬಳಕೆಗೆ ಷರತ್ತು ಏನಿದೆ ಓದಿ. ತಯಾರಾದ ತಿಂಗಳು ಕೇಳಿ, ಅಂಗಡಿಯಲ್ಲೇ ಮೀಟರ್ ಇಡಿ. 12.5ಕ್ಕಿಂತ ಕೆಳಗಿದ್ದರೆ ಬೇರೆ ಪೀಸ್ ಕೊಡಿ ಅನ್ನಿ. ಹಳೆಯದನ್ನು ಅಲ್ಲೇ ಕೊಟ್ಟು ಬೆಲೆ ಇಳಿಸಿಕೊಳ್ಳಿ. ಸೀಸ ಇರುವ ವಸ್ತು ಹಿತ್ತಲಲ್ಲಿ ಬಿದ್ದಿರಬಾರದು.

ನಿಂತೇ ಇರುವ ವ್ಯಾನ್

ಮಕ್ಕಳು ಬೆಂಗಳೂರಿನಲ್ಲೋ ದುಬೈನಲ್ಲೋ, ಓಮ್ನಿ ಊರ ಮನೆಯ ಅಂಗಳದಲ್ಲಿ. ಹಬ್ಬಕ್ಕೆ ಬಂದಾಗ ಸ್ಟಾರ್ಟ್ ಆಗುವುದಿಲ್ಲ. ಒಳಗಿನ 5 ವ್ಯಾಟಿನ ಬಲ್ಬ್ ಒಂದೇ ಉಳಿದಿದ್ದರೂ ದಿನಕ್ಕೆ ಸುಮಾರು 10 ಎಎಚ್ ಹೋಗುತ್ತದೆ, ಎರಡು ದಿನ ಕಳೆದರೆ ಸೆಲ್ಫ್ ಏಳುವುದು ಕಷ್ಟ. ಕಾಣದ ಸೋರಿಕೆ ಇದೆಯಾ ಅಂತ ನೋಡಲು ಮೈನಸ್ ವೈರ್ ಬಿಚ್ಚಿ, ನಡುವೆ ಮೀಟರನ್ನು 10 ಆಂಪಿಯರ್ ಜಾಗದಲ್ಲಿ ಜೋಡಿಸಿ. ಎಲ್ಲ ಆಫ್ ಇದ್ದಾಗ 50 ಮಿಲಿಆಂಪಿಯರ್ ಒಳಗಿರಬೇಕು. ಆಮೇಲೆ ಹಾಕಿಸಿದ ಸ್ಟೀರಿಯೋ ಇಲ್ಲದ ಕಾರ್ಬ್ಯುರೇಟರ್ ಓಮ್ನಿಯಲ್ಲಿ ಇನ್ನೂ ಕಡಿಮೆ. ಜಾಸ್ತಿ ಇದ್ದರೆ ಫ್ಯೂಸ್ ಒಂದೊಂದಾಗಿ ತೆಗೆಯಿರಿ, ಯಾವುದು ತೆಗೆದಾಗ ಇಳಿಯಿತೋ ಅಲ್ಲೇ ಕಳ್ಳ. ಯಾವ ಫ್ಯೂಸಿಗೂ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ ಸೋರುತ್ತಿರಬಹುದು. ಮೀಟರ್ ಹೀಗೆ ಜೋಡಿಸಿರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಎಲ್ಲರೂ ಮಾಡುವ ಉಪಾಯ. ಸೆಲ್ಫಿಗೆ ಖರ್ಚಾದದ್ದು ಬಹುಶಃ ವಾಪಸ್ ಬರುತ್ತದೆ, ವಾರವಿಡೀ ತಾನಾಗಿ ಇಳಿದದ್ದು ತುಂಬುವುದಿಲ್ಲ. ಓಡಿಸುವವರಿದ್ದರೆ ಅರ್ಧ-ಮುಕ್ಕಾಲು ಗಂಟೆ ರಸ್ತೆಗೆ ಒಯ್ಯಲಿ. ಕರೆಂಟ್ ಇರುವ ಶೆಡ್ ಆದರೆ ತಾನೇ ನಿಲ್ಲುವ ಟ್ರಿಕಲ್ ಚಾರ್ಜರ್ ಎಲ್ಲಕ್ಕಿಂತ ಒಳ್ಳೆಯದು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಬಾಗಿಲು ತೆರೆದಿರಲಿ, ಬೀಡಿ ಹತ್ತಿರ ಬೇಡ. ಇವೆರಡೂ ಆಗದಿದ್ದರೆ ಮೈನಸ್ ವೈರಿಗೆ ಒಂದು ಕಟ್‌ಆಫ್ ಸ್ವಿಚ್ ಹಾಕಿಸಿ. ವಯಸ್ಸಾದ ಅಪ್ಪ ಅಮ್ಮ ಮಾತ್ರ ಇರುವ ಮನೆಗೆ ಇದೇ ಸುಲಭ: ತಿರುಗಿಸಿದರೆ ಆಯಿತು, ಸ್ಪ್ಯಾನರ್ ಬೇಡ.

ದಾರಿಯಲ್ಲಿ ನಿಂತಾಗ

ತಳ್ಳುವುದು ಹಳೆಯ ಕಾರ್ಬ್ಯುರೇಟರ್ ಓಮ್ನಿಗೆ ಈಗಲೂ ಆಗುತ್ತದೆ, ಸೆಕೆಂಡ್ ಗೇರಿನಲ್ಲಿ. ಎಂಪಿಎಫ್‌ಐ ಗಾಡಿಯಲ್ಲಿ ಪೆಟ್ರೋಲ್ ಪಂಪಿಗೂ ಇಸಿಎಂಗೂ ಕರೆಂಟ್ ಬೇಕು, ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಬೆವರಷ್ಟೇ. ಒಬ್ಬರೇ ಓಡಾಡುವವರಿಗೆ, ಹೆಣ್ಣುಮಕ್ಕಳಿಗೆ ಲಿಥಿಯಂ ಜಂಪ್ ಸ್ಟಾರ್ಟರ್ ಒಳ್ಳೆಯದು. ಆದರೆ ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ಅದನ್ನು ಬಿಡಬಾರದು, ಎರಡು ಮೂರು ತಿಂಗಳಿಗೊಮ್ಮೆ ತುಂಬಿಸಬೇಕು. ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕರೆಂಟ್ ತರುವ ಜಂಪರ್ ಕೇಬಲ್ ಬಹಳ ವರ್ಷ ಬಾಳುತ್ತದೆ. ತಾಮ್ರದ್ದೇ, 16 ಚದರ ಮಿಲಿಮೀಟರಿಗೆ ಕಡಿಮೆ ಇಲ್ಲದ್ದು ತನ್ನಿ. ರಸ್ತೆ ಬದಿ ಸಿಗುವ ಅಗ್ಗದ್ದರಲ್ಲಿ ಪ್ಲಾಸ್ಟಿಕ್ ಮಾತ್ರ ದಪ್ಪ.

ಕೆಂಪು ಕೇಬಲ್ ಪ್ಲಸ್‌ನಿಂದ ಪ್ಲಸ್‌ಗೆ. ಕಪ್ಪು ಮೊದಲು ಒಳ್ಳೆಯ ಗಾಡಿಯ ಮೈನಸ್‌ಗೆ, ಆಮೇಲೆ ನಿಂತ ಗಾಡಿಯ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕೊನೆಯ ಕಿಡಿ ಬ್ಯಾಟರಿಯ ಹತ್ತಿರ ಹಾರಬಾರದು, ಅದಕ್ಕೆ. ಸ್ಟಾರ್ಟ್ ಆದ ಮೇಲೆ ಕೇಬಲ್ ತೆಗೆದು ಮೀಟರ್ ಇಡಿ. 14ರ ಹತ್ತಿರ ಇದ್ದರೆ ಮನೆಗೆ ಹೋಗಿ ಬ್ಯಾಟರಿಯನ್ನು ಸ್ಲೋ ಚಾರ್ಜಿಗೆ ಹಾಕಿ. 12.5 ದಾಟದಿದ್ದರೆ ಆ ಬ್ಯಾಟರಿಯಲ್ಲಿ ದೂರ ಹೋಗಲಾಗದು. ಹತ್ತಿರದ ಅಂಗಡಿಯಿಂದ ತುಂಬಿದ ಬ್ಯಾಟರಿಯನ್ನು ಬಾಡಿಗೆಗೆ ಹಾಕಿಸಿಕೊಂಡರೆ ಕಾರ್ಬ್ಯುರೇಟರ್ ಗಾಡಿ ಹಗಲಿನಲ್ಲಿ ಒಂದೆರಡು ಗಂಟೆ ಚಾರ್ಜಿಂಗ್ ಇಲ್ಲದೆಯೂ ಓಡುತ್ತದೆ. ಸ್ಟೀರಿಯೋ, ಬ್ಲೋವರ್ ಆಫ್ ಇರಲಿ, ನಡುವೆ ಎಂಜಿನ್ ನಿಲ್ಲಿಸಬೇಡಿ. ಕತ್ತಲಾದ ಮೇಲೆ ಹೆಡ್‌ಲೈಟ್ ಎರಡೇ 9 ಆಂಪಿಯರ್ ಎಳೆಯುತ್ತವೆ. ಆಗ ಪ್ರಯಾಣ ಬೇಡ, ಅಲ್ಲೇ ಗಾಡಿ ನಿಲ್ಲಿಸಿ ಬೆಳಿಗ್ಗೆ ಹೊರಡಿ.